ಮೆಶೀನ್ ಆಮೇಲೆ ತನ್ನಿ, ಮೊದಲು ಪುಡಿ ಸರಿ ಮಾಡಿಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳ ಅಂಕಣದ ಕೊನೆಯಲ್ಲಿ "ಮನೆಗೆ ಎಸ್ಪ್ರೆಸೊ ಮೆಶೀನ್ ತರಬೇಕು ಅಂತಿರುವವರು ಪ್ರಶ್ನೆ ಕಳಿಸಿ" ಎಂದು ಒಂದು ಸಾಲು ಬರೆದಿದ್ದೆ. (ಎಸ್ಪ್ರೆಸೊ ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿಸಿ ಇಳಿಸುವ ಗಟ್ಟಿ ಕಾಫಿ.) ಇಷ್ಟೊಂದು ಬರುತ್ತವೆ ಅಂದುಕೊಂಡಿರಲಿಲ್ಲ. ಫಿಲ್ಟರ್ ಕಾಫಿಯ ಸೀಮೆಯಲ್ಲಿ ಈ ಹುಚ್ಚು ಯಾವಾಗ ಹತ್ತಿತೋ! ಒಂದೇ ತರದವನ್ನು ಒಟ್ಟು ಮಾಡಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಬರೀ ಊರು ಹಾಕಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲಿ ನಾವಿಬ್ಬರೇ, ಇಬ್ಬರದ್ದೂ ಮನೆಯಿಂದಲೇ ಕೆಲಸ. ದಿನಕ್ಕೆ ನಾಲ್ಕು ಕಪ್ಪುಚಿನೊ ಹೊರಗಿಂದ ತರಿಸುತ್ತೇವೆ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಟ್ಟು ಬಜೆಟ್ 25 ಸಾವಿರ. 15 ಬಾರ್ ಮೆಶೀನ್ ತಗೊಳ್ಳೋದಾ, 20 ಬಾರ್ ತಗೊಳ್ಳೋದಾ?
– ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ಆ ಬಾರ್ ಗೊಂದಲ ಮುಗಿಸಿಬಿಡೋಣ. 15 ಆಗಲಿ 20 ಆಗಲಿ, ಡಬ್ಬದ ಮೇಲೆ ಬರೆದಿರುವುದು ಪಂಪು ಹೆಚ್ಚೆಂದರೆ ಎಷ್ಟು ಒತ್ತಡ ಕೊಡಬಲ್ಲದು ಎಂಬ ಲೆಕ್ಕ. ಎಸ್ಪ್ರೆಸೊಗೆ ಬೇಕಿರುವುದು ಸುಮಾರು 9 ಬಾರ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಒಂಬತ್ತು ಪಟ್ಟು ಅಂತಿಟ್ಟುಕೊಳ್ಳಿ. ಒಳ್ಳೆ ಮೆಶೀನಿನಲ್ಲಿ ಅದಕ್ಕಿಂತ ಜಾಸ್ತಿಯಾದದ್ದನ್ನು ವಾಪಸ್ ಬಿಡುವ ವಾಲ್ವ್ ಇರುತ್ತದೆ. ಹಾಗಾಗಿ 20 ಎಂಬ ಅಂಕಿ ನೋಡಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಆದರೆ ಪಂಪು ಇರಲೇಬೇಕು. ಐದಾರು ಸಾವಿರಕ್ಕೆ ಸಿಗುವ ಸಣ್ಣ ಮೆಶೀನ್‌ಗಳಲ್ಲಿ ಪಂಪು ಇರುವುದಿಲ್ಲ. ಮುಚ್ಚಿದ ಡಬ್ಬದಲ್ಲಿ ನೀರು ಕುದ್ದು, ಆ ಆವಿಯೇ ನೀರನ್ನು ಪುಡಿಯೊಳಗೆ ತಳ್ಳುತ್ತದೆ. ಇದು ಹೊಸದೇನಲ್ಲ, 1901ರಲ್ಲಿ ಮಿಲಾನ್ ಊರಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಹಾಕಿದ ಮೆಶೀನ್ ಓಡಿದ್ದೂ ಆವಿಯ ಮೇಲೆಯೇ. ಅದರಲ್ಲಿ ಇವತ್ತಿನ ಎಸ್ಪ್ರೆಸೊದ ಮೇಲೆ ಕಾಣುವ ಕಂದು ನೊರೆ ಬರುತ್ತಿರಲಿಲ್ಲ. ಆ ನೊರೆಗೆ ಕ್ರೆಮಾ ಅಂತಾರೆ. ಅದು ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ ಆಕಿಲೆ ಗಾಜಿಯಾ ಸ್ಪ್ರಿಂಗ್ ಲಿವರ್ ಮೆಶೀನನ್ನು ಮಾರುಕಟ್ಟೆಗೆ ತಂದಾಗ. ಮೊದಮೊದಲು ಜನ "ಇದೇನು ಕೊಳಕು ನೊರೆ" ಅಂದರಂತೆ. ಈಗ ಅದಿಲ್ಲದಿದ್ದರೆ ಫೋಟೋ ಕೂಡ ತೆಗೆಯಲ್ಲ.

ಈಗ ನಿಮ್ಮ 25 ಸಾವಿರ. ನಾನಾಗಿದ್ದರೆ ಅದರಲ್ಲಿ ಒಂಬತ್ತು ಹತ್ತು ಸಾವಿರ ತೆಗೆದು ಪಕ್ಕಕ್ಕಿಡುತ್ತೇನೆ, ಗ್ರೈಂಡರ್‌ಗೆ. ಇಡ್ಲಿ ಹಿಟ್ಟಿನ ಗ್ರೈಂಡರ್ ಅಲ್ಲ, ಕಾಫಿ ಬೀಜ ಪುಡಿ ಮಾಡುವಂಥದ್ದು. ಇದನ್ನು ಹೇಳಿದಾಗಲೆಲ್ಲ ಜನ ಮುಖ ಸಿಂಡರಿಸುತ್ತಾರೆ, ಅಷ್ಟು ದುಡ್ಡು ಪುಡಿ ಮಾಡೋಕಾ ಅಂತ. ಆದರೆ ಎಸ್ಪ್ರೆಸೊ ಎಂಬುದು ಪೂರ್ತಿ ಪುಡಿಯ ಆಟ. 18 ಗ್ರಾಂ ಪುಡಿ ಹಾಕಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಆಸುಪಾಸು ಕಾಫಿ ಇಳಿದರೆ ಸರಿಯಾಗಿದೆ ಅಂತ ಲೆಕ್ಕ. ಪುಡಿ ಕೂದಲೆಳೆಯಷ್ಟು ದಪ್ಪವಾದರೆ ಹತ್ತೇ ಸೆಕೆಂಡಿನಲ್ಲಿ ಸುರಿದು ಹೋಗುತ್ತದೆ, ಸ್ವಲ್ಪ ಸಣ್ಣವಾದರೆ ಹನಿಯೂ ಬರಲ್ಲ. ಆ ಸಣ್ಣ ವ್ಯತ್ಯಾಸ ಮಾಡಿಕೊಳ್ಳಲು ತಿರುಗಿಸುವ ಗುಂಡಿ ನಿಮ್ಮ ಕೈಯಲ್ಲಿರಬೇಕು. ಬೆಳಿಗ್ಗೆ ಕೈಯಲ್ಲಿ ತಿರುಗಿಸಲು ಬೇಜಾರಿಲ್ಲ ಅಂದರೆ ಕೈ ಗ್ರೈಂಡರ್ ತಗೊಳ್ಳಿ, ಅದೇ ದುಡ್ಡಿನ ಕರೆಂಟಿನದಕ್ಕಿಂತ ಎಷ್ಟೋ ಚೆನ್ನಾಗಿ ಪುಡಿ ಮಾಡುತ್ತದೆ. ಒಂದು ಸಲಕ್ಕೆ ಒಂದು ನಿಮಿಷದ ಕೆಲಸ. ಕೊಳ್ಳುವಾಗ "ಎಸ್ಪ್ರೆಸೊಗೆ ಆಗುತ್ತಾ" ಅಂತ ಬಿಡಿಸಿ ಕೇಳಿ. ಎಲ್ಲವೂ ಅಷ್ಟು ಸಣ್ಣಗೆ ಮಾಡಲ್ಲ.

ಮಿಕ್ಸಿಯಲ್ಲಿ ಮಾಡಿಕೊಂಡರಾಗದಾ ಅಂತ ಇನ್ನೂ ನಾಲ್ಕು ಜನ ಕೇಳಿದ್ದಾರೆ. ಆಗಲ್ಲ. ಮಿಕ್ಸಿ ಬೀಜವನ್ನು ಚಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಫಿಲ್ಟರ್‌ಗೆ ನಡೆದೀತು, ಇದಕ್ಕೆ ನಡೆಯಲ್ಲ.

ಉಳಿದ ಹದಿನೈದು ಸಾವಿರಕ್ಕೆ ಪಂಪಿರುವ ಸಾಧಾರಣ ಮೆಶೀನ್ ಬರುತ್ತದೆ. ಅದರಲ್ಲಿ ನೋಡಬೇಕಾದದ್ದು ಜರಡಿ, ಅಂದರೆ ಪುಡಿ ಹಾಕುವ ಬುಟ್ಟಿ. ಅಗ್ಗದ ಮೆಶೀನ್‌ಗಳ ಜೊತೆ ಎರಡು ತಳದ ಬುಟ್ಟಿ ಕೊಡುತ್ತಾರೆ. ಮೇಲಿನ ತಳದಲ್ಲಿ ನೂರಾರು ತೂತು, ಕೆಳಗಿನದರಲ್ಲಿ ಒಂದೇ ಒಂದು. ಆ ಒಂದು ತೂತಿನಿಂದ ಚಿಮ್ಮಿ ಬರುವುದರಿಂದ ಎಂಥ ಪುಡಿ ಹಾಕಿದರೂ ನೊರೆ ಬರುತ್ತದೆ. ನೋಡೋಕೆ ಚೆಂದ, ಬಾಯಿಗಿಟ್ಟರೆ ಸಪ್ಪೆ. ಒಂದೇ ತಳದ ಬುಟ್ಟಿಯೂ ಜೊತೆಗಿದೆಯಾ, ಇಲ್ಲದಿದ್ದರೆ ಆಮೇಲೆ ಬೇರೆ ಸಿಗುತ್ತದಾ, ಕೇಳಿ ತಗೊಳ್ಳಿ. ಬುಟ್ಟಿಯ ಅಳತೆ 51, 54, 58 ಮಿಲಿಮೀಟರ್ ಅಂತ ಇರುತ್ತದೆ. 58 ದೊಡ್ಡ ಹೋಟೆಲ್ ಮೆಶೀನಿನ ಅಳತೆ, ಅದಕ್ಕೆ ಬೇಕಾದ ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ನಿಮ್ಮ ಬಜೆಟ್‌ಗೆ ಹೆಚ್ಚಾಗಿ 51 ಬರುತ್ತದೆ. ತೊಂದರೆ ಏನಿಲ್ಲ, 18ರ ಬದಲು 14–15 ಗ್ರಾಂ ಹಾಕಿಕೊಳ್ಳಿ.

ಹಾಂ, ಒಂದು ಲೆಕ್ಕ ಯಾರೂ ಹೇಳಲ್ಲ. ನಾಲ್ಕು ಕಪ್ಪಿಗೂ 18 ಗ್ರಾಂ ಹಾಕಿದರೆ ದಿನಕ್ಕೆ 72 ಗ್ರಾಂ, ತಿಂಗಳಿಗೆ ಎರಡು ಕೆಜಿ ದಾಟುತ್ತದೆ. ಕಾಲು ಕೆಜಿ ಚೀಲದಲ್ಲಿ ಬರುವ ದುಬಾರಿ ಬೀಜ ತಂದರೆ ತಿಂಗಳಿಗೆ ಎಂಟೊಂಬತ್ತು ಚೀಲ, ಹೊಟ್ಟೆ ಉರಿ ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. ಒಂದು ಸಲ ಇಳಿಸಿದ್ದನ್ನು ಎರಡು ಕಪ್ಪಿಗೆ ಹಂಚಿ ಹಾಲು ಹಾಕಿ. ಮನೆ ಕಪ್ಪಿಗೆ ಅಷ್ಟು ಸಾಕು.

ಪ್ರಶ್ನೆ: ನನಗೆ ಎಸ್ಪ್ರೆಸೊ ಮೆಶೀನ್ ಆಸೆ. ಅತ್ತೆಗೆ ಬೆಳಿಗ್ಗೆ ಐದೂವರೆಗೆ ಫಿಲ್ಟರ್ ಕಾಫಿಯೇ ಆಗಬೇಕು. ಅಡುಗೆಮನೆಯಲ್ಲಿ ಎರಡಕ್ಕೂ ಜಾಗ ಇಲ್ಲ. ಮೆಶೀನಿನಲ್ಲೇ ನಮ್ಮ ಫಿಲ್ಟರ್ ಪುಡಿ ಹಾಕಿ ಅದೇ ರುಚಿ ತರಬಹುದಾ?
– ದಾವಣಗೆರೆ

ಉತ್ತರ: ಬರಲ್ಲ ಮೇಡಂ. ಅತ್ತೆಯವರು ಒಂದು ಗುಟುಕಿಗೆ ಕಂಡುಹಿಡಿಯುತ್ತಾರೆ.

ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ನಿಧಾನ ಇಳಿಯುತ್ತದೆ, ಹದಿನೈದು ಇಪ್ಪತ್ತು ನಿಮಿಷ, ಕೆಲವು ಮನೆಯಲ್ಲಿ ರಾತ್ರಿಯೇ ಹಾಕಿಟ್ಟು ಬೆಳಿಗ್ಗೆವರೆಗೆ. ಮೆಶೀನಿನಲ್ಲಿ ಅರ್ಧ ನಿಮಿಷದ ಕೆಲಸ. ಎರಡೂ ಗಟ್ಟಿಯೇ, ಆದರೆ ಬೇರೆ ಗಟ್ಟಿ. ಅದಕ್ಕಿಂತ ದೊಡ್ಡದು ಚಿಕೋರಿ. ನಮ್ಮ ಡಿಕಾಕ್ಷನ್ನಿನ ಕಪ್ಪು ಬಣ್ಣ, ಆ ಸ್ವಲ್ಪ ಸಿಹಿಗಹಿ, ನಾಲಿಗೆ ಮೇಲೆ ಉಳಿಯುವ ದಪ್ಪ, ಇದರಲ್ಲಿ ಅರ್ಧ ಪಾಲು ಚಿಕೋರಿಯದ್ದು. ಅದೊಂದು ಬೇರು. ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ನೀರು ತಾಗಿದರೆ ಅಂಟಂಟಾಗುತ್ತದೆ. ಫಿಲ್ಟರಿನಲ್ಲಿ ಈ ಗುಣ ಒಳ್ಳೆಯದೇ, ನೀರನ್ನು ಹಿಡಿದು ನಿಲ್ಲಿಸುತ್ತದೆ. ಮೆಶೀನಿನಲ್ಲಿ ಅದೇ ಕಂಟಕ, ಬುಟ್ಟಿಯ ಸಣ್ಣ ತೂತುಗಳಿಗೆ ಮೆತ್ತಿಕೊಂಡು ಕೂರುತ್ತದೆ. ಬೀಜ ಪುಡಿ ಮಾಡುವ ಗ್ರೈಂಡರಿಗಂತೂ ಅದನ್ನು ತೋರಿಸಲೂಬೇಡಿ.

ನಿಮಗೆ ನನ್ನ ಸಲಹೆ ಮೋಕಾ ಪಾಟ್. ಇಟಲಿಯ ಬಿಯಾಲೆಟ್ಟಿಯವರು 1933ರಲ್ಲಿ ತಂದ, ಒಲೆಯ ಮೇಲಿಡುವ ಅಷ್ಟಕೋನದ ಪುಟ್ಟ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಮೇಲೆ ಕಾಫಿ. ಐದು ನಿಮಿಷದ ಕೆಲಸ, ಡಬ್ಬಗಳ ಸಾಲಿನಲ್ಲೇ ಕೂರುತ್ತದೆ, ಕರೆಂಟ್ ಬೇಡ. ಕಟ್ಟುನಿಟ್ಟಾಗಿ ಹೇಳಿದರೆ ಅದು ಎಸ್ಪ್ರೆಸೊ ಅಲ್ಲ, ಒತ್ತಡ ಒಂದೆರಡು ಬಾರ್ ಅಷ್ಟೇ. ಆದರೆ ಬಿಸಿ ಹಾಲು ಹಾಕಿ ಕುಡಿಯುವವರಿಗೆ ಆ ವ್ಯತ್ಯಾಸ ಎಷ್ಟು ಗೊತ್ತಾದೀತು ಹೇಳಿ. ಇಂಡಕ್ಷನ್ ಒಲೆ ಇದ್ದರೆ ಅಲ್ಯೂಮಿನಿಯಂ ಪಾಟ್ ಬಿಸಿಯಾಗಲ್ಲ, ಸ್ಟೀಲಿನದು ತಗೊಳ್ಳಿ. ಅತ್ತೆಯವರ ಫಿಲ್ಟರ್ ಇದ್ದಲ್ಲೇ ಇರಲಿ.

ಪ್ರಶ್ನೆ: ನಮ್ಮದು ಸಣ್ಣ ತೋಟ. ರೋಬಸ್ಟಾ ಜಾಸ್ತಿ, ಒಂದಿಷ್ಟು ಅರೇಬಿಕಾ. ಮನೆ ಖರ್ಚಿಗೆ ಚೆರ್ರಿಯನ್ನೇ ಹುರಿದು ಪುಡಿ ಮಾಡಿಕೊಳ್ಳುತ್ತೇವೆ. ಮಗಳು ರಜೆಗೆ ಬಂದಾಗಲೆಲ್ಲ "ಅಪ್ಪಾ, ತೋಟ ಇಟ್ಟುಕೊಂಡು ಒಂದು ಒಳ್ಳೆ ಎಸ್ಪ್ರೆಸೊ ಇಲ್ವಲ್ಲ" ಅಂತ ಗೊಣಗುತ್ತಾಳೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರೋದೇ ಅಪರೂಪ, ಇದ್ದರೆ ವೋಲ್ಟೇಜ್ ಇರಲ್ಲ. ಯಾವ ಮೆಶೀನ್ ತರಲಿ? ರೋಬಸ್ಟಾದಲ್ಲಿ ಎಸ್ಪ್ರೆಸೊ ಆಗುತ್ತಾ?
– ಸಕಲೇಶಪುರದ ಹತ್ತಿರ

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ಇದು ನನಗೆ ತುಂಬಾ ಇಷ್ಟವಾಯಿತು. ರೋಬಸ್ಟಾದಲ್ಲಿ ಆಗುತ್ತಾ ಅಂತ ಕೇಳಿದಿರಿ. ಸರ್, ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅವರು ನಮ್ಮ ರೋಬಸ್ಟಾವನ್ನು ಒಯ್ದು ಮಾಡುವುದೇ ಎಸ್ಪ್ರೆಸೊ ಮಿಶ್ರಣ. ಅರೇಬಿಕಾಕ್ಕೆ ಸ್ವಲ್ಪ ರೋಬಸ್ಟಾ ಬೆರೆಸಿದರೆ ಮೇಲಿನ ನೊರೆ ದಪ್ಪವಾಗಿ ನಿಲ್ಲುತ್ತದೆ, ಬಾಯಿಗೆ ಗಟ್ಟಿ ಅನಿಸುತ್ತದೆ, ಹಾಲು ಹಾಕಿದರೂ ರುಚಿ ಮುಳುಗಲ್ಲ. ಕೆಫೀನ್ ಮಾತ್ರ ಅರೇಬಿಕಾದ ಸುಮಾರು ಎರಡು ಪಟ್ಟು, ರಾತ್ರಿ ನಿದ್ದೆ ಬರದಿದ್ದರೆ ನನ್ನನ್ನು ಬೈಯಬೇಡಿ.

ಆದರೆ ಚೆರ್ರಿ ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರ್ರಿಯಲ್ಲಿ, ಅದೂ ಹಸಿಕಾಯಿ ಬೆರೆತ ಕೊಯ್ಲಾದರೆ, ಒಂದು ಮಣ್ಣಿನ ಗಾಟು ಬರುತ್ತದೆ. ಫಿಲ್ಟರಿನಲ್ಲಿ ಚಿಕೋರಿ, ಹಾಲು, ಸಕ್ಕರೆ ಎಲ್ಲ ಸೇರಿ ಅದನ್ನು ಮುಚ್ಚುತ್ತವೆ. ಎಸ್ಪ್ರೆಸೊ ಏನನ್ನೂ ಮುಚ್ಚಲ್ಲ, ಇದ್ದದ್ದನ್ನು ಎತ್ತಿ ತೋರಿಸುತ್ತದೆ. ಮುಂದಿನ ಕೊಯ್ಲಿನಲ್ಲಿ ಮನೆಗೆ ಅಂತ ಒಂದು ಮೂಟೆ ಪೂರ್ತಿ ಕೆಂಪು ಹಣ್ಣನ್ನೇ ಬೇರೆ ಬಿಡಿಸಿ, ಪಲ್ಪ್ ಮಾಡಿ, ಅಂದರೆ ಹೊರಸಿಪ್ಪೆ ತಿರುಳು ತೆಗೆದು, ತೊಳೆದು ಒಳಸಿಪ್ಪೆ ಸಮೇತ ಒಣಗಿಸಿ ಪಾರ್ಚ್‌ಮೆಂಟ್ ಮಾಡಿಕೊಳ್ಳಿ. ನಿಮ್ಮ ಅರೇಬಿಕಾ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ 795 ತಳಿ ಆಗಿದ್ದರೂ ಚಂದ್ರಗಿರಿ ತಳಿ ಆಗಿದ್ದರೂ ಸರಿ, ಮುಕ್ಕಾಲು ಪಾಲು ಅದು, ಕಾಲು ಪಾಲು ತೊಳೆದ ರೋಬಸ್ಟಾ ಹಾಕಿ ನೋಡಿ. ಪಟ್ಟಣದಲ್ಲಿ ಜನ ದುಡ್ಡು ಸುರಿದು ತರುವುದು ನಿಮ್ಮ ಅಂಗಳದಲ್ಲೇ ಒಣಗುತ್ತಿದೆ.

ಹುರಿಯುವುದು ಎರಡನೇ ವಿಷಯ. ಬಾಣಲೆಯಲ್ಲಿ ಹುರಿದರೆ ಕೆಲವು ಬೀಜ ಕರಿ, ಕೆಲವು ಅರೆಬರೆ. ಕೈಯಲ್ಲಿ ತಿರುಗಿಸುವ ಹಳೇ ಡ್ರಮ್ ಅಟ್ಟದ ಮೇಲೆ ಇದ್ದರೆ ಇಳಿಸಿ. ಮೊದಲ ಸಲ ಚಟಚಟ ಅನ್ನುವ ಸದ್ದು ಮುಗಿದು, ಎರಡನೇ ಸದ್ದು ಶುರುವಾಗುವ ಹೊತ್ತಿಗೆ ತೆಗೆದು ಮೊರದಲ್ಲಿ ಹರಡಿ ಬೇಗ ಆರಿಸಿ. ಅವತ್ತೇ ಎಸ್ಪ್ರೆಸೊ ಮಾಡಲು ಹೋಗಬೇಡಿ. ಹೊಸದಾಗಿ ಹುರಿದ ಬೀಜದೊಳಗೆ ಗಾಳಿ ತುಂಬಿರುತ್ತದೆ, ಬರೀ ನೊರೆ ಬರುತ್ತದೆ. ಡಬ್ಬಕ್ಕೆ ಹಾಕಿ ಒಂದು ವಾರ ಬಿಡಿ. ಅಲ್ಲಿಂದ ಒಂದು ತಿಂಗಳು ಒಳ್ಳೆ ಕಾಲ.

ಮೆಶೀನ್? ನಿಮಗೆ ಕರೆಂಟಿನದ್ದು ಬೇಡವೇ ಬೇಡ. ಮನೆ ಮೆಶೀನ್‌ಗಳು ಸಾಧಾರಣವಾಗಿ 1000ದಿಂದ 1500 ವಾಟ್ ಎಳೆಯುತ್ತವೆ. ಮನೆ ಇನ್ವರ್ಟರ್ ಇದನ್ನು ಹೊರಲ್ಲ. ವೋಲ್ಟೇಜ್ ಕುಸಿದಾಗ ನೀರು ಕಾಯಲ್ಲ, ಪಂಪು ನರಳುತ್ತದೆ, ಒಂದು ಮಳೆಗಾಲ ದಾಟುವುದೂ ಕಷ್ಟ. ಕೈಯಿಂದ ಒತ್ತುವ ಲಿವರ್ ಸಾಧನ ತಗೊಳ್ಳಿ. ಫ್ಲೇರ್, ಕೆಫೆಲಾಟ್ ರೋಬಾಟ್ ಅಂತ ಬರುತ್ತವೆ. ಕುದಿಯುವ ನೀರು ಸುರಿದು ಹಿಡಿ ಒತ್ತಿದರೆ ಆಯಿತು, ನಿಮ್ಮ ತೋಳೇ ಪಂಪು. ಒಳಗೆ ವಯರ್ ಇಲ್ಲ, ಬಾಯ್ಲರ್ ಇಲ್ಲ, ಹಾಳಾಗಲು ರಬ್ಬರಿನ ಉಂಗುರ ಬಿಟ್ಟರೆ ಏನೂ ಇಲ್ಲ. ನೀರು ಗ್ಯಾಸಿನ ಮೇಲಾದರೂ ಕಾಯಲಿ, ಸೌದೆ ಒಲೆಯ ಮೇಲಾದರೂ ಕಾಯಲಿ. ಹಾಲು ನೊರೆ ಮಾಡುವ ನಳಿಗೆ ಇದರಲ್ಲಿ ಇರುವುದಿಲ್ಲ ಅನ್ನುವುದೊಂದು ಕೊರತೆ. ಬಿಸಿ ಹಾಲನ್ನು ಫ್ರೆಂಚ್ ಪ್ರೆಸ್ಸಿನಲ್ಲಿ, ಅಂದರೆ ಜರಡಿ ಕಟ್ಟಿದ ಕಡ್ಡಿ ಇರುವ ಕಾಫಿ ಜಾಡಿಯಲ್ಲಿ, ಹಾಕಿ ಆ ಕಡ್ಡಿಯನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಒಳ್ಳೆ ನೊರೆಯೇ ಬರುತ್ತದೆ. ಜೊತೆಗೊಂದು ಕೈ ಗ್ರೈಂಡರ್. ಜುಲೈ ತಿಂಗಳ ಕತ್ತಲೆಯಲ್ಲೂ ಮಗಳಿಗೆ ಎಸ್ಪ್ರೆಸೊ ಸಿಗುತ್ತದೆ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ದೀಪಾವಳಿಗೆ ಬರುವಾಗ ಅಲ್ಲಿಂದ ಒಂದು ಒಳ್ಳೆ ಮೆಶೀನ್ ತರುತ್ತೇನೆ, ಇಲ್ಲಿಗಿಂತ ಅಗ್ಗ ಅಂತಾನೆ. ತರಿಸಲಾ?
– ಧಾರವಾಡ

ಉತ್ತರ: ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಹಾಗೇ ಚುಚ್ಚಿದರೆ ಹೊಗೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಡಬಹುದು, ಆದರೆ ಇಷ್ಟು ವಾಟ್ ಹೊರುವಂಥದ್ದು ಮೆಶೀನಿನಷ್ಟೇ ಜಾಗ ತಿನ್ನುತ್ತದೆ, ಅಷ್ಟೇ ಭಾರವೂ ಇರುತ್ತದೆ. ಅದನ್ನಿಟ್ಟರೂ ಮುಗಿಯಲಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಮನೆ ಮೆಶೀನಿನೊಳಗಿನ ಅದುರುವ ಪಂಪು ಕರೆಂಟಿನ ಆ ತಾಳಕ್ಕೇ ಕುಣಿಯುವುದರಿಂದ ಇಲ್ಲಿ ನಿಧಾನವಾಗುತ್ತದೆ. ವಾರಂಟಿಯೂ ಸಾಮಾನ್ಯವಾಗಿ ಸಮುದ್ರ ದಾಟಿ ಬರಲ್ಲ. ಲಂಡನ್ನಿನಲ್ಲೋ ದುಬೈಯಲ್ಲೋ ಇದ್ದಿದ್ದರೆ ಬೇರೆ ಮಾತು, ಅಲ್ಲೆಲ್ಲ ವೋಲ್ಟೇಜ್ ನಮ್ಮ ತರವೇ, ಪ್ಲಗ್ ಬದಲಿಸಿದರೆ ಸಾಕು.

ಮಗನ ಆಸೆಗೆ ತಣ್ಣೀರು ಹಾಕಬೇಡಿ ಪಾಪ. ಒಳ್ಳೆ ಕೈ ಗ್ರೈಂಡರ್ ತರಲು ಹೇಳಿ. ಕರೆಂಟ್ ಬೇಡ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಕೂರುತ್ತದೆ, ಹತ್ತು ವರ್ಷ ನಡೆಯುತ್ತದೆ. ಮೆಶೀನನ್ನು ಇಲ್ಲೇ, ಹುಬ್ಬಳ್ಳಿಯಲ್ಲಿ ರಿಪೇರಿಗೆ ಜನ ಇರುವಂಥದ್ದನ್ನು ನೋಡಿ ತಗೊಳ್ಳಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಕುಕ್ಕರ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಮೆಶೀನ್ ತಂದರೆ ಹಾಳಾಗುತ್ತಾ?
– ವಿಜಯಪುರ

ಉತ್ತರ: ಆಗುತ್ತದೆ. ನನ್ನ ಮೊದಲ ಮೆಶೀನ್ ಹಾಗೇ ಹೋಯಿತು. ಆಗ ಬೆಂಗಳೂರಿನ ಹೊರಗೊಂದು ಅಪಾರ್ಟ್‌ಮೆಂಟಿನಲ್ಲಿದ್ದೆ, ಟ್ಯಾಂಕರ್ ನೀರು. ಎಂಟು ತಿಂಗಳಿಗೆ ಹನಿ ಹನಿಯಾಗಿ ಇಳಿಯಲು ಶುರುವಾಯಿತು. ಪುಡಿ ಸಣ್ಣಗಾಯಿತು ಅಂತ ನಾನು ಎರಡು ವಾರ ಗ್ರೈಂಡರ್ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ರಿಪೇರಿಯವರು ಬಿಚ್ಚಿ ತೋರಿಸಿದರು. ಒಳಗಿನ ಸಣ್ಣ ಕೊಳವೆಯಲ್ಲಿ ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ, ಅದೇ ಸುಣ್ಣ. ತಪ್ಪು ನನ್ನದೇ. ಮೆಶೀನ್ ಜೊತೆ ಬಂದ ಪುಸ್ತಕದಲ್ಲಿ ಎರಡು ಪುಟ ಇದರ ಬಗ್ಗೆಯೇ ಇತ್ತು, ತೆರೆದು ನೋಡಿರಲಿಲ್ಲ.

ಆರ್‌ಓ ನೀರು ಹಾಕಿದರಾಯಿತಲ್ಲ ಅಂತೀರಿ. ಅರ್ಧ ಸರಿ. ಪೂರ್ತಿ ಖನಿಜ ತೆಗೆದ ನೀರಿನಲ್ಲಿ ಕಾಫಿಯ ರುಚಿ ಬಿಡಲ್ಲ, ಸಪ್ಪೆಯಾಗುತ್ತದೆ. ಕೆಲವು ದೊಡ್ಡ ಮೆಶೀನ್‌ಗಳಲ್ಲಿ ನೀರಿದೆಯೋ ಇಲ್ಲವೋ ಎಂಬುದು ಖನಿಜದ ಮೂಲಕವೇ ಸೆನ್ಸರಿಗೆ ಗೊತ್ತಾಗುವುದು, ನೀರು ತುಂಬಾ ಶುದ್ಧವಾದರೆ ಅವೂ ತಡವರಿಸುತ್ತವೆ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತದೆ, ಒಂದು ತಂದುಕೊಳ್ಳಿ. ಆರ್‌ಓ ನೀರಿಗೆ ಸ್ವಲ್ಪ ಸ್ವಲ್ಪ ಬೋರ್ ನೀರು ಬೆರೆಸಿ ಮೀಟರ್ 100ರ ಆಸುಪಾಸು ತೋರಿಸುವಂತೆ ಮಾಡಿಕೊಳ್ಳಿ. ಇದು ಅಂದಾಜು ಲೆಕ್ಕ. ಮೀಟರ್ ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ಸುಣ್ಣ ಎಷ್ಟು ಅಂತ ಬೇರೆ ಹೇಳಲ್ಲ. ಮನೆ ಕೆಲಸಕ್ಕೆ ಇಷ್ಟು ಸಾಕು.

ಅದರ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಸುಣ್ಣ ತೆಗೆಯಿರಿ. ಅದಕ್ಕೆ ಕಂಪನಿಯ ಪುಡಿಯೇ ಸಿಗುತ್ತದೆ. ಅಂಗಡಿಯ ನಿಂಬೆ ಉಪ್ಪು ಬಳಸುವವರೂ ಇದ್ದಾರೆ, ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ. ಆದರೆ ಬಾಯ್ಲರ್ ಅಲ್ಯೂಮಿನಿಯಂ ಆಗಿದ್ದರೆ ಹುಳಿ ಜಾಸ್ತಿ ಹೊತ್ತು ನಿಲ್ಲಬಾರದು, ಮೊದಲು ಪುಸ್ತಕ ನೋಡಿ. ಆಮೇಲೆ ಎರಡು ಟ್ಯಾಂಕ್ ಒಳ್ಳೆ ನೀರು ಹರಿಸಿ ತೊಳೆಯಿರಿ.

ಪ್ರಶ್ನೆ: ಆಫರಿನಲ್ಲಿ ಆರು ಸಾವಿರಕ್ಕೆ ಒಂದು ಮೆಶೀನ್ ತಗೊಂಡೆ. ಕಾಫಿ ಒಂದು ದಿನ ಹುಳಿ, ಒಂದು ದಿನ ಸುಟ್ಟ ಕಹಿ. ಸೂಪರ್ ಮಾರ್ಕೆಟಿನ ಫಿಲ್ಟರ್ ಪುಡಿ ಹಾಕುತ್ತಿದ್ದೇನೆ. ಮಾರಿಬಿಡಲಾ?
– ಶಿವಮೊಗ್ಗ

ಉತ್ತರ: ತಡೀರಿ, ಇನ್ನೊಂದು ಸಲ ನೋಡೋಣ. ಮೊದಲು ಪುಡಿಯ ಪ್ಯಾಕೆಟ್ ತಿರುಗಿಸಿ ಓದಿ. ಚಿಕೋರಿ ಎಷ್ಟು ಪಾಲು ಅಂತ ಬರೆದಿರಲೇಬೇಕು, ನಮ್ಮಲ್ಲಿ ಅದು ಕಾನೂನು. ಚಿಕೋರಿ ನೂರಕ್ಕೆ 49ರವರೆಗೂ ಹೋಗಬಹುದು, ಅಂದರೆ ನೀವು ಅರ್ಧ ಬೇರಿನ ಎಸ್ಪ್ರೆಸೊ ಕುಡಿಯುತ್ತಿರಬಹುದು! ಕಾಫಿ ವರ್ಕ್ಸ್ ಅಂಗಡಿಗೆ ಹೋಗಿ. ಅವರು ಅಭ್ಯಾಸಬಲದಿಂದ "ಚಿಕೋರಿ ಎಷ್ಟು ಹಾಕಲಿ" ಅಂತಾರೆ, ಏನೂ ಬೇಡ ಅನ್ನಿ. ಪ್ಲಾಂಟೇಶನ್ ಎ (ತೊಳೆದ ಅರೇಬಿಕಾದ ಒಂದು ದರ್ಜೆ) ಅಥವಾ ಪೀಬರಿ (ಹಣ್ಣಿಗೆ ಒಂದೇ ಇರುವ ಗುಂಡು ಬೀಜ) ನೂರಿನ್ನೂರು ಗ್ರಾಂ ಮಾತ್ರ ಪುಡಿ ಮಾಡಿಸಿ, ಫಿಲ್ಟರಿಗಿಂತ ಒಂದು ಹದ ಸಣ್ಣಗೆ. ಕಣ್ಣೆದುರೇ ಹುರಿಯುವ ಅಂಗಡಿಯಾದರೆ ಇನ್ನೂ ಒಳ್ಳೆಯದು.

ನಿಮ್ಮದು ನಾನು ಮೇಲೆ ಹೇಳಿದ ಆವಿ ಮೆಶೀನ್. ಕೊನೆಕೊನೆಗೆ ಬರುವ ನೀರು ಕುದಿಯುತ್ತಾ ಬರುತ್ತದೆ, ಆ ಸುಟ್ಟ ಕಹಿ ಅಲ್ಲಿಯದು. ಹಾಗಾಗಿ ಪೂರ್ತಿ ಇಳಿಯುವವರೆಗೆ ಕಾಯಬೇಡಿ. ಮೊದಲು ಬರುವ ಗಟ್ಟಿಯಾದದ್ದನ್ನು ಲೋಟಕ್ಕೆ ಹಿಡಿದು, ಬಣ್ಣ ತಿಳಿಯಾದ ಕೂಡಲೇ ಲೋಟ ತೆಗೆದುಬಿಡಿ. ಉಳಿದದ್ದು ಬೇರೆ ಪಾತ್ರೆಗೆ ಬೀಳಲಿ. ಹುಳಿ ಬಂದರೆ ಪುಡಿ ದಪ್ಪವಾಯಿತು ಅಂತ ಲೆಕ್ಕ, ಅಥವಾ ಕಡಿಮೆ ಹಾಕಿದ್ದೀರಿ. ಚಮಚದ ಅಳತೆ ನಂಬಬೇಡಿ, 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ. ಪುಡಿಯನ್ನೂ ಬದಲಿಸಿ ತೂಕವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗಲ್ಲ.

ಇಷ್ಟಾದರೂ ಹಿಡಿಸದಿದ್ದರೆ ಆಗ ಮಾರಿ.

ಪ್ರಶ್ನೆ: ಹಾಲಿನ ನೊರೆ ಸೋಪಿನ ಗುಳ್ಳೆ ತರ ಬರುತ್ತದೆ. ಕಪ್ಪಿಗೆ ಸುರಿದರೆ ಹಾಲು ಮೊದಲು, ನೊರೆ ಆಮೇಲೆ ದೊಪ್ಪಂತ ಬೀಳುತ್ತದೆ.
– ಮೈಸೂರು

ಉತ್ತರ: ನೀವು ಕಾಯಿಸಿ ಕೆನೆ ಕಟ್ಟಿದ ಹಾಲು ಹಾಕುತ್ತಿದ್ದೀರಾ? ನಮ್ಮ ಮನೆಗಳಲ್ಲಿ ಪ್ಯಾಕೆಟ್ ಬಂದ ಕೂಡಲೇ ಕಾಯಿಸುವುದು ಅಭ್ಯಾಸ. ಕೆನೆಯ ಚೂರು ಇದ್ದರೆ ನೊರೆ ಒಡೆಯುತ್ತದೆ. ಪ್ಯಾಕೆಟ್ ಹಾಲು ಮೊದಲೇ ಪಾಶ್ಚರೀಕರಣ ಆಗಿರುತ್ತದೆ, ಹೊಸ ಪ್ಯಾಕೆಟ್ ಒಂದನ್ನು ಕಾಯಿಸದೆ ಫ್ರಿಜ್ಜಿನಲ್ಲಿ ಇದಕ್ಕಂತಲೇ ಇಡಿ. ನಂದಿನಿಯ ನೀಲಿ ಪ್ಯಾಕೆಟಿನಲ್ಲಿ ಕೊಬ್ಬು ಕಡಿಮೆ, ನೊರೆ ಸುಲಭವಾಗಿ ಬರುತ್ತದೆ ಆದರೆ ತೆಳು. ನನಗೆ ಹಿಡಿಸಿದ್ದು ಕಿತ್ತಳೆ ಬಣ್ಣದ ಶುಭಂ, ರೇಷ್ಮೆ ತರ ಬರುತ್ತದೆ.

ನಳಿಗೆಯ ತುದಿ ಹಾಲಿನ ಮೇಲ್ಮೈಗೆ ತಾಗಿ ತಾಗದಂತಿರಬೇಕು. ಮೊದಲ ನಾಲ್ಕೈದು ಸೆಕೆಂಡು ಕಾಗದ ಹರಿದ ಹಾಗೆ ಸದ್ದು ಬರಲಿ. ಆಮೇಲೆ ಸ್ವಲ್ಪ ಒಳಗಿಳಿಸಿ, ಹಾಲು ಸುಳಿ ತಿರುಗುವಂತೆ ಓರೆ ಹಿಡಿಯಿರಿ. ಆ ಸುಳಿಯೇ ದೊಡ್ಡ ಗುಳ್ಳೆಗಳನ್ನು ನುಂಗುವುದು. ಪಾತ್ರೆ ಕೈಗೆ ಚುರ್ ಅಂದ ಕೂಡಲೇ ನಿಲ್ಲಿಸಿ, ಅದು ಸುಮಾರು 60–65 ಡಿಗ್ರಿ. ನಮಗೆ ಕಾಫಿ ನಾಲಿಗೆ ಸುಡಬೇಕು, ಇದು ಉಗುರುಬೆಚ್ಚಗೆ ಅನ್ನಿಸುತ್ತದೆ. ನಮ್ಮಮ್ಮನಂತೂ ಪ್ರತಿ ಸಲ ಇದನ್ನು ಮತ್ತೆ ಒಲೆಯ ಮೇಲಿಡುತ್ತಾರೆ. ನಳಿಗೆಯನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಸಲ ಆವಿ ಬಿಟ್ಟುಬಿಡಿ, ಒಣಗಿದರೆ ಕೆರೆಯುವುದು ಕಷ್ಟ.

ಪ್ರಶ್ನೆ: ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಒಂದು ಬಟನ್ ಒತ್ತಿದರೆ ಬೀಜ ತಾನೇ ಪುಡಿಯಾಗಿ ಕಾಫಿ ಬರುವ ಮೆಶೀನ್ ಕೊಡಿಸೋಣ ಅಂತ. ಇಲ್ಲಾ ಕ್ಯಾಪ್ಸೂಲ್ ಮೆಶೀನ್ ಸಾಕಾ?
– ಮಂಗಳೂರು

ಉತ್ತರ: ಕ್ಯಾಪ್ಸೂಲ್ ಸುಲಭ, ಆದರೆ ಒಂದೊಂದರಲ್ಲಿ ಇರುವುದು ಸುಮಾರು 5–6 ಗ್ರಾಂ ಕಾಫಿ. ನಮ್ಮ ಸ್ಟ್ರಾಂಗ್ ಕುಡಿಯುವವರಿಗೆ ಎರಡು ಬೇಕಾಗುತ್ತದೆ, ಡಬ್ಬ ಮುಗಿದಾಗಲೆಲ್ಲ ನೀವೇ ತರಿಸಿಕೊಡಬೇಕು. ಬಟನ್ ಮೆಶೀನೇ ಕೊಡಿಸಿ. ಎರಡು ವಿಷಯ ಅವರಿಗೆ ಹೇಳಿಕೊಡಿ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜ ಹಾಕಬಾರದು, ಒಳಗಿನ ಗ್ರೈಂಡರ್ ಜಿಡ್ಡುಗಟ್ಟಿ ನಿಲ್ಲುತ್ತದೆ. ಮತ್ತೆ ಒಳಗಿನ ಕಾಫಿ ಇಳಿಸುವ ಭಾಗ ಕೈಯಲ್ಲಿ ಹೊರಗೆ ಬರುವಂಥ ಮೆಶೀನನ್ನೇ ಆರಿಸಿ, ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆಯಬೇಕು. ಮಂಗಳೂರಿನ ಸೆಕೆಗೆ ಅದು ಹಾಗೇ ಬಿಟ್ಟರೆ ಬೂಸಲು ಬರುವುದು ಗ್ಯಾರಂಟಿ. ಊರಿಗೆ ಹೋಗುವಾಗ ಬಳಸಿದ ಪುಡಿ ಬೀಳುವ ಹಿಂಡಿ ಡಬ್ಬ ಖಾಲಿ ಮಾಡುವುದು ಮರೆಯದಂತೆ ಒಂದು ಚೀಟಿ ಅಂಟಿಸಿ.

ಪ್ರಶ್ನೆ: ಆಫೀಸಿನ ಗೆಳೆಯ ಊರು ಬಿಡುತ್ತಿದ್ದಾನೆ. ಮೂರು ವರ್ಷದ ಗಾಜಿಯಾ ಕ್ಲಾಸಿಕ್ ಅರ್ಧ ಬೆಲೆಗೆ ಕೊಡ್ತೀನಿ ಅಂತಾನೆ. ಹಳೇದು ಅಂತ ಮನೆಯಲ್ಲಿ ಬೇಡ ಅಂತಾರೆ.
– ಜಯನಗರ, ಬೆಂಗಳೂರು

ಉತ್ತರ: ತಗೊಳ್ಳಿ, ಆದರೆ ನೋಡಿ ತಗೊಳ್ಳಿ. ಅದು 1991ರಿಂದ ಇರುವ ಮಾದರಿ, ಒಳಗೆ ಎಲೆಕ್ಟ್ರಾನಿಕ್ ಗೊಂದಲ ಕಡಿಮೆ, ಬುಟ್ಟಿ 58 ಮಿಲಿಮೀಟರ್. ಮೂರು ವರ್ಷ ಅದಕ್ಕೆ ವಯಸ್ಸೇ ಅಲ್ಲ. ಬಾಯ್ಲರ್ ಒಂದೇ ಇರುವುದರಿಂದ ಕಾಫಿ ಇಳಿಸಿದ ಮೇಲೆ ಹಾಲಿಗೆ ಆವಿ ಬರುವವರೆಗೆ ಸ್ವಲ್ಪ ಕಾಯಬೇಕು, ಹಾಲು ಮುಗಿದ ಮೇಲೆ ಮತ್ತೆ ಕಾಫಿ ಬೇಕೆಂದರೆ ಬಿಸಿನೀರು ಹರಿಸಿ ತಣಿಸಬೇಕು, ಇಲ್ಲದಿದ್ದರೆ ಪುಡಿ ಸುಡುತ್ತದೆ. ಆರು ಜನ ನೆಂಟರು ಬಂದ ದಿನ ಇದು ಗೋಳೇ.

ಗೆಳೆಯನ ಮನೆಗೇ ಹೋಗಿ, ಮೆಶೀನ್ ಹಾಕಿಸಿ, ಒಂದು ಕಾಫಿ ಮಾಡಿಸಿ ಕುಡಿಯಿರಿ. ಕಾಫಿ ಇಳಿಯುವಾಗ ಪುಡಿ ಬುಟ್ಟಿ ಕೂರುವ ಹಿಡಿಯ ಸುತ್ತ ನೀರು ಜಿನುಗಿದರೆ ರಬ್ಬರ್ ಗ್ಯಾಸ್ಕೆಟ್ ಹೋಗಿದೆ, ಅದು ಚಿಕ್ಕ ಖರ್ಚು. ನೀರಿನ ಟ್ಯಾಂಕ್ ಎತ್ತಿ ತಳ ನೋಡಿ. ಯಾವ ನೀರು ಹಾಕುತ್ತಿದ್ದೆ, ಸುಣ್ಣ ಕೊನೆಗೆ ಯಾವಾಗ ತೆಗೆದೆ ಅಂತ ಕೇಳಿ. "ಸುಣ್ಣಾನಾ? ಯಾವ ಸುಣ್ಣ?" ಅಂದರೆ ಬೆಲೆ ಇನ್ನೂ ಸ್ವಲ್ಪ ಇಳಿಸಿ. ಅವನ ಹತ್ತಿರ ಗ್ರೈಂಡರ್ ಇದ್ದರೆ ಅದನ್ನೂ ಸೇರಿಸಿಯೇ ಮಾತಾಡಿ.